ಮೂರು ಕಲ್ಲು, ಒಂದು ಬೋಗಾಣಿ

ಭಾರತ ಹುಣ್ಣಿಮೆ ಹತ್ತಿರ ಬಂತೆಂದರೆ ಸವದತ್ತಿಯ ಎಲ್ಲಮ್ಮನ ಗುಡ್ಡದಲ್ಲಿ ಗುಡಿಯ ಶಿಖರಕ್ಕಿಂತ ಮೊದಲು ಹೊಗೆ ಕಣ್ಣಿಗೆ ಬೀಳುತ್ತದೆ. ಗುಡ್ಡದ ಇಳಿಜಾರು, ರಸ್ತೆಯ ಅಂಚು, ಟ್ರ್ಯಾಕ್ಟರ್ ಟ್ರೇಲರಿನ ನೆರಳು, ಎಲ್ಲಿ ನಾಲ್ಕು ಮೊಳ ಸಮ ನೆಲ ಸಿಕ್ಕಿತೋ ಅಲ್ಲೊಂದು ಒಲೆ. ಮೂರು ಕಲ್ಲು, ಮೇಲೊಂದು ಬೋಗಾಣಿ. ಪಕ್ಕದಲ್ಲಿ ಪರಾತ ಮುಂದಿಟ್ಟುಕೊಂಡು ಕಣಕ ನಾದುವ ಅತ್ತೆ, ಹೊಗೆಗೆ ಕಣ್ಣು ಕಿರಿದು ಮಾಡಿಕೊಂಡು ಬೆಂಕಿ ಊದುವ ಸೊಸೆ. ಹೋಳಿಗೆ, ಕಡಬು, ಅನ್ನ, ಸಾರು ಆಗಬೇಕು. ದೇವಿಗೆ ಎಡೆ ತೋರಿಸಿ ಪಡ್ಡಲಗಿ ಬುಟ್ಟಿ ತುಂಬಬೇಕು. ಅಲ್ಲಿಯವರೆಗೆ ಹಸಿದ ಹುಡುಗರ ಪಾಡು ಹೇಳತೀರದು.

“ಯವ್ವಾ, ಒಂದ ಹೋಳಿಗಿ ಕೊಡ.”

“ಎಡಿ ಆಗ್ಲಿ, ತಡಿಯೋ.”

ಬಯಲಲ್ಲಿ ಬೆಂಕಿ ಹಾಕಿ ಮನೆಮಂದಿಗೆಲ್ಲ ಅಡುಗೆ ಮಾಡುವುದು ಈಗ ರೆಸಾರ್ಟುಗಳು ದುಡ್ಡು ಪಡೆದು ಒದಗಿಸುವ ಖುಷಿ. ದಖ್ಖನಿನ ದಾರಿಗಳಲ್ಲಿ ಮಾತ್ರ ಅದು ಬಹುಕಾಲ ಬರೀ ಅನಿವಾರ್ಯವಾಗಿತ್ತು. ಊರು ಬಿಟ್ಟು ಹೊರಟವರು ಅಡುಗೆಮನೆಯನ್ನೂ ಹೊತ್ತುಕೊಂಡೇ ಹೊರಡಬೇಕಿತ್ತು, ಇಲ್ಲದಿದ್ದರೆ ಉಪವಾಸ.

ಈ ನೆಲದಲ್ಲಿ ಹಳೆಯ ಬೆಂಕಿಯ ಗುರುತು ಹುಡುಕಹೊರಟರೆ ಬೂದಿದಿಬ್ಬಗಳ ಬುಡಕ್ಕೆ ಬಂದು ನಿಲ್ಲಬೇಕಾಗುತ್ತದೆ. ಬಳ್ಳಾರಿ, ರಾಯಚೂರು, ಸುರಪುರ ಸೀಮೆಯಲ್ಲಿ ಇಂಥ ದಿಬ್ಬಗಳು ಹಲವು. ಹಂಪಿಯ ಹತ್ತಿರದ ನಿಂಬಾಪುರದ ದಿಬ್ಬವನ್ನು ಜನ ವಾಲಿಯ ಚಿತೆಯ ಬೂದಿ ಎನ್ನುತ್ತಾರೆ. ಕಥೆ ಸೊಗಸಾಗಿದೆ, ಆದರೆ ದಿಬ್ಬಗಳನ್ನು ಅಗೆದವರಿಗೆ ಸಿಕ್ಕಿದ್ದು ಪದರು ಪದರಾಗಿ ಸುಟ್ಟ ಸಗಣಿ. ನವಶಿಲಾಯುಗದ ದನಗಾಹಿಗಳು ದೊಡ್ಡಿಗಳಲ್ಲಿ ಸಗಣಿ ಒಟ್ಟಿ ಮತ್ತೆ ಮತ್ತೆ ಸುಟ್ಟದ್ದರ ಫಲ ಅದು. 1990ರ ದಶಕದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರು ಸುರಪುರ ಸೀಮೆಯ ಬೂದಿಹಾಳದಲ್ಲಿ ಉತ್ಖನನ ನಡೆಸಿದಾಗ ದನ ಕತ್ತರಿಸಿ ಮಾಂಸ ಹಸನು ಮಾಡುತ್ತಿದ್ದ ಜಾಗವೂ ಸಿಕ್ಕಿತು. ಊರಿನ ಹೆಸರಿನಲ್ಲೇ ಬೂದಿ ಇದೆ! ಸಂಗನಕಲ್ಲು, ಹಳ್ಳೂರುಗಳಲ್ಲಿ ಸಿಕ್ಕ ಕರಕಲು ಕಾಳುಗಳು ಆ ಜನ ಉಣ್ಣುತ್ತಿದ್ದುದೇನೆಂದು ಹೇಳುತ್ತವೆ: ಹುರುಳಿ, ಹೆಸರು, ಕೊರಲೆಯಂಥ ಕಿರುಧಾನ್ಯ. ಇವತ್ತು ಉತ್ತರ ಕರ್ನಾಟಕದ ಉಸಿರಾಗಿರುವ ಜೋಳ ಆಫ್ರಿಕಾದಿಂದ ಬಂದದ್ದು ಆಮೇಲೆ.

ಒಲೆಗೆ ಮೂರೇ ಕಲ್ಲು ಯಾಕೆ? ನಾಲ್ಕು ಕಲ್ಲಿಟ್ಟರೆ ಒಂದಾದರೂ ಕುಂಟುತ್ತದೆ. ಮೂರರ ಮೇಲೆ ಕೂತ ಪಾತ್ರೆ ಎಂಥ ಏರುತಗ್ಗಿನ ನೆಲದಲ್ಲೂ ಅಲುಗದು. ಒಲೆಗುಂಡು ಎಂದು ಈ ಕಲ್ಲುಗಳಿಗೆ ಕನ್ನಡದಲ್ಲಿ ಹೆಸರೇ ಇದೆ. ಇನ್ನು ಸೌದೆ ತಿನ್ನುವುದರಲ್ಲಿ ಈ ಒಲೆಯದು ಹೊಟ್ಟೆಬಾಕ ಬುದ್ಧಿ: ಸುಟ್ಟ ಸೌದೆಯ ಶಾಖದಲ್ಲಿ ನೂರಕ್ಕೆ ಹತ್ತು–ಹದಿನೈದು ಪಾಲು ಪಾತ್ರೆಗೆ ತಾಗಿದರೆ ಹೆಚ್ಚು, ಉಳಿದದ್ದು ಗಾಳಿಯ ಪಾಲು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹುಟ್ಟಿದ ‘ಅಸ್ತ್ರ’ ಕೇಂದ್ರ ಹಳ್ಳಿಮನೆಗಳಿಗೆ ಸೌದೆ ಉಳಿಸುವ ಒಲೆ ರೂಪಿಸಿದ್ದು ಇದಕ್ಕೇ. ‘ಅಸ್ತ್ರ ಒಲೆ’ಯ ಮೇಲೂ ಮೂರು ಪಾತ್ರೆಗೆ ಜಾಗ. ಆದರೆ ಅದನ್ನು ಬಂಡಿಯಲ್ಲಿ ಹೇರಿಕೊಂಡು ಹೋಗಲಾಗದು.

ಬಯಲ ಅಡುಗೆಯವರು ಆ ನಷ್ಟವನ್ನು ತಮ್ಮದೇ ಉಪಾಯಗಳಿಂದ ತುಸು ತುಂಬಿಕೊಂಡರು. ಗಾಳಿ ಬೀಸುವ ಕಡೆಗೆ ಬಂಡಿಯನ್ನು ಅಡ್ಡ ನಿಲ್ಲಿಸುವುದು, ಗಾಲಿಗೆ ಕಂಬಳಿಯೋ ಗೋಣಿತಟ್ಟೋ ಇಳಿಬಿಡುವುದು, ನೆಲವನ್ನು ಗೇಣುದ್ದ ತೋಡಿ ಕಲ್ಲು ಹೂಳುವುದು. ಮೊದಲು ಹತ್ತಿಕಟ್ಟಿಗೆ, ತೊಗರಿಕಟ್ಟಿಗೆ ಹಾಕಿ ಉರಿ ಎಬ್ಬಿಸಿ, ಆಮೇಲೆ ನಿಧಾನವಾಗಿ ಉರಿಯುವ ಕುಳ್ಳು ಇಡುವುದು. ಬೋಗಾಣಿಯ ತಳಕ್ಕೆ ಬೂದಿಯನ್ನೋ ಮಣ್ಣನ್ನೋ ಕಲಸಿ ಬಳಿದಿರುತ್ತಾರೆ. ಊಟ ಮುಗಿದ ಮೇಲೆ ಒಂದು ಹಿಡಿ ಹುಲ್ಲಿನಿಂದ ತಿಕ್ಕಿದರೆ ಆ ಲೇಪದೊಂದಿಗೆ ಮಸಿಯೂ ಕಳಚಿ ಬೀಳುತ್ತದೆ. ನೀರು ಹೊತ್ತು ತರಬೇಕಾದ ಕಡೆ ಇದು ಸಣ್ಣ ಲಾಭವಲ್ಲ.

ದಾರಿಯಲ್ಲೇ ಸಂಸಾರ ಹೂಡಿದವರಲ್ಲಿ ಲಂಬಾಣಿಗರನ್ನು ಮೀರಿಸಿದವರಿಲ್ಲ. ಎತ್ತುಗಳ ಬೆನ್ನಿಗೆ ಧಾನ್ಯ, ಉಪ್ಪಿನ ಗೋಣಿ ಹೇರಿ ದೇಶದುದ್ದಕ್ಕೂ ಸಾಗುತ್ತಿದ್ದವರು ಇವರು. ಲವಣದಿಂದಲೇ ಲಂಬಾಣಿ ಎಂಬ ಹೆಸರು ಬಂತೆನ್ನುವವರೂ ಇದ್ದಾರೆ. 1632ರಲ್ಲಿ ಉತ್ತರ ಭಾರತದಲ್ಲಿ ಪಯಣಿಸುತ್ತಿದ್ದ ಪೀಟರ್ ಮಂಡಿ ಎಂಬ ಇಂಗ್ಲಿಷ್ ವರ್ತಕನಿಗೆ 14,000 ಎತ್ತುಗಳ ಒಂದು ತಾಂಡಾ ಎದುರಾಯಿತು. ಹೆಂಡಿರು ಮಕ್ಕಳು, ಪಾತ್ರೆಪಗಡೆ ಎಲ್ಲವೂ ಆ ಸಾಲಿನಲ್ಲೇ ಇತ್ತೆಂದು ಅವನು ಬರೆದಿಟ್ಟಿದ್ದಾನೆ. ಸಂಜೆ ಬಿಡಾರ ಇಳಿದಲ್ಲಿ ಗೋಣಿಗಳನ್ನು ಗೋಡೆಯಂತೆ ಒಟ್ಟಿದರೆ ಅದೇ ಮನೆ, ಅದರ ಮರೆಯಲ್ಲಿ ಹೊತ್ತಿದ್ದೇ ಒಲೆ. ಅಷ್ಟು ದೊಡ್ಡ ತಾಂಡಾದಲ್ಲಿ ಒಂದು ಸಂಜೆಗೆ ಎಷ್ಟು ಒಲೆ ಉರಿದಿರಬೇಕೆಂದು ಓದುಗರೇ ಲೆಕ್ಕ ಹಾಕಿಕೊಳ್ಳಲಿ.

ಆ ಎತ್ತುಗಳು ಇಲ್ಲದಿದ್ದರೆ ಏನಾಗುತ್ತದೆಂಬುದು 1791ರಲ್ಲಿ ಟಿಪ್ಪುವಿನ ಮೇಲೆ ದಂಡೆತ್ತಿ ಬಂದ ಇಂಗ್ಲಿಷ್ ಸೇನಾಪತಿ ಲಾರ್ಡ್ ಕಾರ್ನ್‌ವಾಲಿಸನಿಗೆ ಚೆನ್ನಾಗಿ ತಿಳಿಯಿತು. ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಬಾಗಿಲಿಗೇ ಬಂದು, ಅರಕೆರೆಯ ಬಳಿ ಟಿಪ್ಪುವಿನ ಸೈನ್ಯವನ್ನು ಹಿಂದೂಡಿಯೂ ಅವನು ಮರಳಬೇಕಾಯಿತು. ಎತ್ತುಗಳು ಸತ್ತಿದ್ದವು, ದಂಡಿಗೆ ಕಾಳಿರಲಿಲ್ಲ. ಕೋಟೆ ಒಡೆಯಲೆಂದು ಎಳೆದುತಂದ ದೊಡ್ಡ ಫಿರಂಗಿಗಳನ್ನು ತಾನೇ ಒಡೆದುಹಾಕಿ ಹೊರಟ. ಮೇಲುಕೋಟೆಯ ಆಸುಪಾಸಿನಲ್ಲಿ ಮರಾಠರ ದಂಡು ಎದುರಾದ ಮೇಲೆ, ಅವರ ಪಾಳೆಯದ ಬಜಾರಿನಲ್ಲಿ ದುಬಾರಿ ಬೆಲೆ ತೆತ್ತು ಕೊಂಡ ಕಾಳಿನಿಂದ ಆ ಸೈನ್ಯ ಉಳಿಯಿತು. ಮರುವರ್ಷ ಫೆಬ್ರವರಿಯಲ್ಲಿ ಮತ್ತೆ ಬಂದಾಗ ಅವನ ಬೆನ್ನಿಗೆ ಬಂಜಾರರ, ಅಂದರೆ ಇದೇ ಲಂಬಾಣಿಗರ, ಎತ್ತುಗಳಿದ್ದವು. ಯುದ್ಧದ ಇತಿಹಾಸ ಬರೆದವರು ಫಿರಂಗಿಗೆ ಕೊಟ್ಟಷ್ಟು ಪುಟಗಳನ್ನು ಗೋಣಿಗೆ ಕೊಡಲಿಲ್ಲ.

ದಾರಿಯುದ್ದಕ್ಕೂ ಛತ್ರ, ಧರ್ಮಶಾಲೆಗಳಿದ್ದುವಲ್ಲ, ಬಯಲಲ್ಲೇಕೆ ಬೇಯಿಸಬೇಕಿತ್ತು ಎಂದು ಯಾರಾದರೂ ಕೇಳಬಹುದು. ಇದ್ದವು, ನಿಜ. ಆದರೆ ಎಷ್ಟೋ ಛತ್ರಗಳ ಬಾಗಿಲು ಎಲ್ಲ ಜಾತಿಗೂ ತೆರೆದಿರಲಿಲ್ಲ. ಒಳಗೆ ಹೋಗಲಾರದವರಿಗೆ ಮರದಡಿಯೇ ಛತ್ರ. ಹೋಗಬಹುದಾದವರಿಗೂ ಬೇರೆಯವರು ಬೇಯಿಸಿದ್ದು ಮುಟ್ಟಬಾರದೆಂಬ ಮಡಿ. ಒಂದೇ ಜಾತ್ರೆಗೆ ಹೊರಟ ಹತ್ತು ಬಂಡಿಗಳು ಒಂದೇ ಕೆರೆಯ ದಂಡೆಯಲ್ಲಿ ಹತ್ತು ಒಲೆ ಹೂಡುತ್ತಿದ್ದುದಕ್ಕೆ ಹಸಿವೊಂದೇ ಕಾರಣವಲ್ಲ. ಬಯಲೂಟವನ್ನು ಹಾಡಿ ಹೊಗಳುವವರು ಇದನ್ನೂ ಮರೆಯಬಾರದು.

ಇದಕ್ಕೆ ಎದುರು ನಿಂತ ಜಾತ್ರೆಯೂ ಕರ್ನಾಟಕದಲ್ಲಿದೆ. ಚಾಮರಾಜನಗರ ಜಿಲ್ಲೆಯ ಚಿಕ್ಕಲ್ಲೂರಿನಲ್ಲಿ ಬನದ ಹುಣ್ಣಿಮೆಗೆ ಚಂದ್ರಮಂಡಲ ಎಂಬ ಆಚರಣೆಯೊಂದಿಗೆ ಸಿದ್ದಪ್ಪಾಜಿಯ ಜಾತ್ರೆ ಶುರುವಾಗುತ್ತದೆ. ಮಂಟೇಸ್ವಾಮಿ ಪರಂಪರೆಯ ಒಕ್ಕಲುಗಳು ಅಲ್ಲಿ ಬಿಡಾರ ಹಾಕಿ ದಿನಗಟ್ಟಲೆ ಉಳಿಯುತ್ತಾರೆ. ಪಂಕ್ತಿ ಸೇವೆಯ ದಿನ ಬಿಡಾರ ಬಿಡಾರದಲ್ಲೂ ಬಾಡೂಟ ಬೇಯುತ್ತದೆ. ಜಾತಿ ಕೇಳದೆ ಸಾಲಾಗಿ ಕೂತು ಉಣ್ಣುವುದೇ ಅಲ್ಲಿ ಸೇವೆ.

ಬಂಡಿ ಹೂಡಿ ಹೊರಡುವ ಉತ್ತರದ ಕುಟುಂಬಗಳದು ಬೇರೆಯೇ ಜಾಣ್ಮೆ. ದಾರಿಯಲ್ಲಿ ಬೇಯಿಸುವುದನ್ನು ಆದಷ್ಟು ಕಡಿಮೆ ಮಾಡುವುದು ಅದರ ಗುಟ್ಟು. ವಾರ ಮೊದಲೇ ಮನೆಯಲ್ಲಿ ಜೋಳದ ರೊಟ್ಟಿ ತೆಳ್ಳಗೆ ಬಡಿದು, ಬೇಯಿಸಿ, ಒಣಗಿಸಿ ಖಡಕ್ ರೊಟ್ಟಿಯ ಗಂಟು ಕಟ್ಟುತ್ತಾರೆ. ತೇವ ತಾಗದಿದ್ದರೆ ವಾರಗಟ್ಟಲೆ ಕೆಡದು. ಜೊತೆಗೆ ಶೇಂಗಾ, ಗುರೆಳ್ಳು, ಅಗಸಿ ಚಟ್ನಿಪುಡಿ. ಕೊಲ್ಲಾರಿ ಬಂಡಿಯಲ್ಲಿ ಕೆಳಗೆ ಎತ್ತುಗಳಿಗೆ ಕಣಕಿ, ಅದರ ಮೇಲೆ ಜಮಖಾನೆ, ಅದರ ಮೇಲೆ ಮನೆಮಂದಿ. ಇಳಿದಲ್ಲಿ ಒಂದು ಬ್ಯಾಳಿ ಸಾರೋ ಜುಣಕವೋ ಕುದಿಸಿದರೆ ಊಟ ಆಯಿತು. ದೊಡ್ಡ ಅಡುಗೆ ಏನಿದ್ದರೂ ದೇವರ ಮುಂದೆ. ಚಿಂಚಲಿಯ ಮಾಯಕ್ಕನಿಗೆ, ಮೈಲಾರಕ್ಕೆ, ಎಲ್ಲಮ್ಮನ ಗುಡ್ಡಕ್ಕೆ ಹೊರಟವರೆಲ್ಲ ಪಾಲಿಸುತ್ತ ಬಂದ ಕ್ರಮ ಇದೇ.

ಜಾತ್ರೆಯವರಿಗೆ ನಾಲ್ಕು ದಿನದ ಮಾತಾದರೆ ಕುರುಬರಿಗೆ ಇದು ನಿತ್ಯದ ಬಾಳು. ಬೆಳಗಾವಿ ಸೀಮೆಯ ಕುರಿಗಾಹಿ ಕುಟುಂಬಗಳು ತಿಂಗಳುಗಟ್ಟಲೆ ಹಿಂಡಿನ ಹಿಂದೆ ಅಲೆಯುತ್ತವೆ. ಕುದುರೆಯ ಬೆನ್ನ ಮೇಲೆ ಹಂಚು, ಪಾತ್ರೆ, ಕಂಬಳಿ, ಅದರ ಮೇಲೆ ಕೂಸು, ಕೋಳಿ, ನಾಯಿಮರಿ. ಗೊಬ್ಬರಕ್ಕಾಗಿ ರೈತ ತನ್ನ ಹೊಲದಲ್ಲಿ ಕುರಿ ತರುಬಿಸಿಕೊಳ್ಳುತ್ತಾನೆ. ಹಿಂದೆ ಅದರ ಬಾಡಿಗೆ ಬಹುಪಾಲು ಜೋಳದ ರೂಪದಲ್ಲೇ ಸಲ್ಲುತ್ತಿತ್ತು. ಹಾಗೆ ಬಂದ ಜೋಳ ಹಿಟ್ಟಾಗಿ, ಯಾರದೋ ಹೊಲದ ಮೂರು ಕಲ್ಲಿನ ಮೇಲೆ ರೊಟ್ಟಿಯಾಗುತ್ತಿತ್ತು.

ಈ ಬೆಂಕಿಗಳು ಒಂದೇ ಸಲಕ್ಕೆ ಆರಲಿಲ್ಲ. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲು ಹುಬ್ಬಳ್ಳಿ, ಧಾರವಾಡ ಮುಟ್ಟಿ ಕರಾವಳಿಗೆ ಇಳಿದ ಮೇಲೆ ಗೋಣಿ ಹೊರುವ ಎತ್ತಿಗೆ ಕೆಲಸ ತಪ್ಪುತ್ತ ಬಂತು. ತಾಂಡಾ ಎಂದರೆ ನಡೆಯುವ ಸಾಲು ಎಂಬ ಅರ್ಥ ಹೋಗಿ ನೆಲೆನಿಂತ ಊರು ಎಂದಾಯಿತು. ಆಮೇಲೆ ಖಾನಾವಳಿ, ಉಡುಪಿ ಹೋಟೆಲು, ಬಸ್ಸು ಬಂದವು. ಬಂಡಿಯ ಜಾಗಕ್ಕೆ ಟ್ರ್ಯಾಕ್ಟರ್ ಬಂತು, ಅದರೊಳಗೆ ಪುಟ್ಟ ಗ್ಯಾಸ್ ಸಿಲಿಂಡರೂ ಬಂತು. ಹಾಗಿದ್ದೂ ಜಾತ್ರೆಯ ಬಯಲಲ್ಲಿ ಎಷ್ಟೋ ಮಂದಿ ಚಹಾ ಗ್ಯಾಸಿನ ಮೇಲೆ ಕಾಯಿಸಿ, ದೇವಿಯ ಹೋಳಿಗೆಗೆ ಮಾತ್ರ ಕಲ್ಲು ಹೂಡುತ್ತಾರೆ.

ಈ ಸಲ ಗುಡ್ಡಕ್ಕೆ ಹೋಗುವವರು ಕಲ್ಲು ಆರಿಸುವಾಗ ಹಳ್ಳದ ನೀರೊಳಗಿನ ನುಣುಪು ಗುಂಡುಗಳ ಗೊಡವೆಗೆ ಹೋಗಬೇಡಿ. ಒಳಗಿನ ತೇವ ಕಾದು ಅವು ಸಿಡಿಯುವುದುಂಟು. ಹಿಂದಿನವರು ಬಿಟ್ಟುಹೋದ ಮಸಿ ಹಿಡಿದ ಕಲ್ಲುಗಳು ಅಲ್ಲೇ ಬಿದ್ದಿರುತ್ತವೆ, ಅವನ್ನೇ ಹೂಡಿ. ಏಳುವಾಗ ಬೂದಿಗೆ ಎರಡು ಚರಿಗೆ ನೀರು ಸುರಿದು ಬನ್ನಿ.