ಹಳೆ ಕಾರಿನ ಕ್ಲಚ್ ಸ್ಲಿಪ್ ಆಗುತ್ತಿದೆಯೇ? ಪ್ಲೇಟ್ ಬದಲಿಸುವ ಮುನ್ನ ಪೆಡಲ್ 'ಫ್ರೀ ಪ್ಲೇ' ಪರೀಕ್ಷಿಸಿ

ನಾಗ್ಪುರದ ಹೊರವಲಯದಲ್ಲಿರುವ ವಾಡಿ, ಸಾರಿಗೆ ಕಂಪನಿಗಳು ಮತ್ತು ಗೋದಾಮುಗಳ ಪ್ರದೇಶ. ಇಲ್ಲಿನ ಅಮರಾವತಿ ರಸ್ತೆಯಲ್ಲಿ ಲಾರಿಗಳ ಸಾಲಿನ ಹಿಂದೆ ಆಮೆಗತಿಯಲ್ಲಿ ಸಾಗುವ ಕಾರುಗಳಿಗೆ ಹೆಚ್ಚು ಪೆಟ್ಟು ಬೀಳುವುದು ಕ್ಲಚ್‌ಗೆ. ಹಳೆಯ ಮ್ಯಾನುವಲ್ ಗೇರ್ ಕಾರಾಗಿದ್ದರೆ ಸಮಸ್ಯೆ ಇನ್ನೂ ಬೇಗ ಕಾಣಿಸಿಕೊಳ್ಳುತ್ತದೆ.

ಕ್ಲಚ್ ಪ್ಲೇಟ್ ಬದಲಿಸಲು ಗೇರ್‌ಬಾಕ್ಸ್ ಇಳಿಸಬೇಕು; ಖರ್ಚು ಸಾವಿರಾರು ರೂಪಾಯಿ. ಆದರೆ ಎಷ್ಟೋ ಬಾರಿ ಒಂದು ನಟ್ ತಿರುಗಿಸಿದರೆ ಸಾಕಾಗುತ್ತದೆ. ಅದು ಹೇಗೆ? ಇಲ್ಲಿದೆ ಮಾಹಿತಿ.

ಯಾವ ಕಾರುಗಳಿಗೆ ಅನ್ವಯ?

1983ರ ಡಿಸೆಂಬರ್‌ನಲ್ಲಿ ರಸ್ತೆಗಿಳಿದು 2014ರಲ್ಲಿ ಉತ್ಪಾದನೆ ನಿಲ್ಲಿಸಿದ ಮಾರುತಿ 800 ಸೇರಿದಂತೆ ಅನೇಕ ಹಳೆ ಸಣ್ಣ ಕಾರುಗಳಲ್ಲಿ ಕ್ಲಚ್ ಕೆಲಸ ಮಾಡುವುದು ಕೇಬಲ್‌ನಿಂದ. ಇವುಗಳಲ್ಲಿ ಹೊಂದಾಣಿಕೆ ಸಾಧ್ಯ. ಹೈಡ್ರಾಲಿಕ್ ಕ್ಲಚ್ ಇದ್ದರೆ ಕೇಬಲ್ ಇರುವುದಿಲ್ಲ. ಅಲ್ಲಿ ಆಯಿಲ್ ಮಟ್ಟ, ಸೋರಿಕೆ ಮತ್ತು ಗಾಳಿ ಸೇರಿದೆಯೇ ಎಂಬುದನ್ನು ನೋಡಬೇಕು.

ಫ್ರೀ ಪ್ಲೇ ಎಂದರೇನು?

ಪೆಡಲ್ ಒತ್ತಿದಾಗ ಆರಂಭದಲ್ಲಿ ಅದು ಸಲೀಸಾಗಿ ಕೆಳಗಿಳಿದು, ನಂತರ ಬಿಗಿಯಾಗುತ್ತದೆ. ಆ ಸಲೀಸಾದ ಅಂತರವೇ ಫ್ರೀ ಪ್ಲೇ. ಹಲವು ಸಣ್ಣ ಕಾರುಗಳಲ್ಲಿ ಇದು ಸುಮಾರು 15ರಿಂದ 25 ಮಿ.ಮೀ. ನಿಮ್ಮ ಕಾರಿನ ಕೈಪಿಡಿಯಲ್ಲಿರುವ ಅಳತೆಯೇ ಅಂತಿಮ.

ಕೇಬಲ್ ಹಿಗ್ಗಿದರೆ ಫ್ರೀ ಪ್ಲೇ ಹೆಚ್ಚಾಗುತ್ತದೆ. ಆಗ ಪೆಡಲ್ ಪೂರ್ತಿ ಒತ್ತಿದರೂ ಕ್ಲಚ್ ಬಿಡುವುದಿಲ್ಲ. ಗೇರ್ ಹಾಕುವಾಗ, ವಿಶೇಷವಾಗಿ ರಿವರ್ಸ್‌ಗೆ, ಕರಕರ ಸದ್ದು ಬರುತ್ತದೆ.

ಪ್ಲೇಟ್ ಸವೆದಾಗ ಆಗುವುದು ಇದಕ್ಕೆ ತದ್ವಿರುದ್ಧ. ಪ್ರೆಷರ್ ಪ್ಲೇಟ್‌ನ ಸ್ಪ್ರಿಂಗ್ ತುದಿಗಳು ರಿಲೀಸ್ ಬೇರಿಂಗ್‌ನತ್ತ ಸರಿಯುವುದರಿಂದ ಫ್ರೀ ಪ್ಲೇ ಕಡಿಮೆಯಾಗುತ್ತದೆ. ಅದು ಪೂರ್ತಿ ಇಲ್ಲವಾದರೆ, ಪೆಡಲ್ ಮೇಲೆ ಸದಾ ಕಾಲಿಟ್ಟಂತೆಯೇ ಸರಿ. ಕ್ಲಚ್ ಸ್ಲಿಪ್ ಆಗಿ ಎಂಜಿನ್ ಸದ್ದು ಏರುತ್ತದೆ, ಕಾರಿನ ವೇಗ ಏರುವುದಿಲ್ಲ. ಲಾರಿಯನ್ನು ಓವರ್‌ಟೇಕ್ ಮಾಡುವಾಗ ಹೀಗಾದರೆ ಅಪಾಯ ಖಚಿತ.

ಹೊಂದಾಣಿಕೆ ಹೇಗೆ?

* ಸಮತಟ್ಟಾದ ಜಾಗದಲ್ಲಿ ಕಾರು ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಹಾಕಿ. ಎಂಜಿನ್ ಆಫ್ ಮಾಡಿ, ತಣ್ಣಗಾಗಲು ಬಿಡಿ.
* ಪೆಡಲ್ ಪಕ್ಕದಲ್ಲಿ ಸ್ಕೇಲ್ ಹಿಡಿದು, ಬಿಗಿ ಸಿಗುವವರೆಗೆ ಕೈಯಿಂದಲೇ ಒತ್ತಿ ಅಂತರ ಅಳೆಯಿರಿ.
* ಗೇರ್‌ಬಾಕ್ಸ್ ಬಳಿ, ಕೇಬಲ್ ತುದಿ ರಿಲೀಸ್ ಆರ್ಮ್‌ಗೆ ಸೇರುವಲ್ಲಿ ಅಡ್ಜಸ್ಟ್ ಮಾಡುವ ನಟ್ ಇರುತ್ತದೆ. ಲಾಕ್ ನಟ್ ಇದ್ದರೆ ಮೊದಲು ಅದನ್ನು ಸಡಿಲಿಸಿ.
* ನಟ್ ಬಿಗಿ ಮಾಡಿದರೆ ಫ್ರೀ ಪ್ಲೇ ಕಡಿಮೆಯಾಗುತ್ತದೆ, ಸಡಿಲಿಸಿದರೆ ಹೆಚ್ಚುತ್ತದೆ. ಕೇಬಲ್ ತಿರುಚಿಕೊಳ್ಳದಂತೆ ಅದರ ತುದಿಯನ್ನು ಇಕ್ಕಳದಿಂದ ಹಿಡಿದು, ಒಂದೊಂದೇ ಸುತ್ತು ತಿರುಗಿಸಿ.
* ಪೆಡಲ್ ಅನ್ನು ಹತ್ತಾರು ಬಾರಿ ಒತ್ತಿ ಬಿಟ್ಟು ಮತ್ತೆ ಅಳೆಯಿರಿ. ಸರಿ ಬಂದ ಮೇಲೆ ಲಾಕ್ ನಟ್ ಬಿಗಿ ಮಾಡಿ.

ನಂತರ ಎಂಜಿನ್ ಸ್ಟಾರ್ಟ್ ಮಾಡಿ, ಬ್ರೇಕ್ ಮೇಲೆ ಕಾಲಿಟ್ಟು, ಕ್ಲಚ್ ಪೂರ್ತಿ ಒತ್ತಿ ಎರಡು ಮೂರು ಸೆಕೆಂಡ್ ಬಿಟ್ಟು ರಿವರ್ಸ್ ಹಾಕಿ. ಸದ್ದಿಲ್ಲದೆ ಗೇರ್ ಬಿದ್ದರೆ ಕೆಲಸ ಆಯಿತೆಂದು ಅರ್ಥ. ಈ ವೇಳೆ ಕಾರಿನ ಹಿಂದೆ ಮುಂದೆ ಯಾರೂ ನಿಂತಿರಬಾರದು.

ಮೆಕ್ಯಾನಿಕ್ ಬಳಿ ಯಾವಾಗ ಹೋಗಬೇಕು?

ಅಳತೆ ಸರಿಯಿದ್ದೂ ಕ್ಲಚ್ ಸ್ಲಿಪ್ ಆಗುತ್ತಿದ್ದರೆ ಪ್ಲೇಟ್ ಸವೆದಿರಬಹುದು ಅಥವಾ ಅದಕ್ಕೆ ಆಯಿಲ್ ತಾಗಿರಬಹುದು. ಪೆಡಲ್ ಒತ್ತಿದಾಗ ಮಾತ್ರ ಗೊರಗೊರ ಸದ್ದು ಬಂದರೆ ರಿಲೀಸ್ ಬೇರಿಂಗ್ ಮೇಲೆ ಅನುಮಾನ ಪಡಬೇಕು. ಕೇಬಲ್‌ನ ಎಳೆಗಳು ಕಿತ್ತಿದ್ದರೆ ಅಥವಾ ನಟ್ ತಿರುಗಿಸಲು ಥ್ರೆಡ್ ಉಳಿಯದಿದ್ದರೆ ಹೊಂದಾಣಿಕೆಯ ಮಾತೇ ಇಲ್ಲ. ಹೊಸ ಕೇಬಲ್ ಹಾಕಿಸಬೇಕು, ಜೊತೆಗೆ ಪ್ಲೇಟ್ ಸವೆತವನ್ನೂ ಪರೀಕ್ಷಿಸಬೇಕು. ಕೇಬಲ್ ನಡುರಸ್ತೆಯಲ್ಲಿ ತುಂಡಾದರೆ ಚಲಿಸುವ ಕಾರಿನಲ್ಲಿ ಗೇರ್ ಬದಲಿಸುವುದೇ ಕಷ್ಟ.

ಇದನ್ನು ಮರೆಯಬೇಡಿ

ಟ್ರಾಫಿಕ್‌ನಲ್ಲಿ ಹಾಫ್ ಕ್ಲಚ್ ಹಿಡಿದು ಕಾರು ತಡೆಯುವ ಬದಲು ನ್ಯೂಟ್ರಲ್‌ಗೆ ತಂದು ಬ್ರೇಕ್ ಬಳಸಿ. ಗೇರ್ ಬದಲಿಸಿದ ಕೂಡಲೇ ಕಾಲನ್ನು ಪೆಡಲ್‌ನಿಂದ ಪೂರ್ತಿ ತೆಗೆಯಿರಿ. ಪ್ರತಿ ಸರ್ವಿಸ್ ವೇಳೆ ಫ್ರೀ ಪ್ಲೇ ಅಳೆಯಲು ಹೇಳಿ. ಇಷ್ಟು ಮಾಡಿದರೆ ಪ್ಲೇಟ್ ಬೇಗ ಸವೆಯುವುದಿಲ್ಲ, ಗ್ಯಾರೇಜ್ ಬಿಲ್ ಕೂಡ ಉಳಿಯುತ್ತದೆ.