ತುಕ್ಕಿನ ಕೆಳಗಣ ಚರಿತ್ರೆ

ಗದಗಿನಿಂದ ಹುಬ್ಬಳ್ಳಿಗೆ ಹೋಗುವ ರೈಲುಮಾರ್ಗದ ಮೇಲಿರುವ ಹುಲಕೋಟಿಯನ್ನು ನಾಡು ಸಹಕಾರಿ ಸಂಸ್ಥೆಗಳಿಂದಲೂ, ಹತ್ತಿಯಿಂದಲೂ, ಸಹಕಾರಿ ಧುರೀಣ ಕೆ. ಎಚ್. ಪಾಟೀಲರ ಹೆಸರಿನಿಂದಲೂ ಬಲ್ಲುದು; ಆದರೆ ಈ ಎರೆಭೂಮಿಯನ್ನು ಉತ್ತು ಬಿತ್ತಿದ ಕೈಗಳ ಚರಿತ್ರೆಯನ್ನು ಅರಿಯಬಯಸುವವನು ಸಂತೆಯ ಅಂಚಿನಲ್ಲಿ ಗೋಣಿತಟ್ಟಿನ ಮೇಲೆ ಹರಡಿದ ಹಳೆಯ ಸಾಮಾನುಗಳ ಮುಂದೆ, ಮೋಡಕಾ ಅಂಗಡಿಗಳಲ್ಲಿ ತೂಕಕ್ಕೆ ಬಿಕರಿಯಾಗುವ ಕಬ್ಬಿಣದ ರಾಶಿಯ ಮುಂದೆ ಸಾವಧಾನವಾಗಿ ಕುಳಿತುಕೊಳ್ಳಬೇಕು.

ಊರ ಕಂಬಾರನ ಕೃತಿಯನ್ನು ಗುರುತಿಸುವುದಕ್ಕೆ ಮೊದಲು ಕೊಡಲಿಯ ಕಾವು ಸೇರುವ ಕಣ್ಣನ್ನು ನೋಡಬೇಕು. ಪಟ್ಟಿಯನ್ನು ಕಾಯಿಸಿ, ಮಡಿಸಿ, ಬೆಸೆದು ಮಾಡಿದ ಕೊಡಲಿಯಾದರೆ ಕಣ್ಣಿನ ಒಳಮೈಯಲ್ಲಿ ಆ ಬೆಸುಗೆಯ ಗೆರೆ ಹಲವು ವೇಳೆ ಉಳಿದಿರುತ್ತದೆ. ಬಾಯಿಗೆ ಮಾತ್ರ ಉಕ್ಕನ್ನು ಕೂಡಿಸಿದ್ದರೆ ಅರದಿಂದ ತುಸು ಉಜ್ಜಿದೊಡನೆ ಎರಡು ಲೋಹಗಳ ವರ್ಣಭೇದ ಸ್ಪಷ್ಟವಾಗುತ್ತದೆ. ಕುಂಟೆಯ ಕುಡವು ವರ್ಷವರ್ಷವೂ ಸವೆದು, ಮತ್ತೆ ಕುಲುಮೆಗೆ ಹೋಗಿ, ಹಣಿಸಿಕೊಂಡು ಬಂದುದರಿಂದ ಅದರ ಮೈಯಲ್ಲಿ ಒಂದೇ ಕಾಲದ ಪೆಟ್ಟುಗಳಿರುವುದಿಲ್ಲ. ಇಂಥ ಉಪಕರಣಗಳ ಮೇಲೆ ಮಾಡಿದವನ ಹೆಸರಿಲ್ಲದಿರುವುದನ್ನು ಕೊರತೆಯೆಂದು ನಾನು ಎಣಿಸುವುದಿಲ್ಲ. ಸುಗ್ಗಿಯಲ್ಲಿ ಕಣದಿಂದಲೇ ಆಯದ ಕಾಳನ್ನು ಪಡೆದು ವರ್ಷವಿಡೀ ಊರಿನ ಕೆಲಸ ಮಾಡುತ್ತಿದ್ದ ಕಂಬಾರ ಬಡಿಗರನ್ನು ಅರಿಯದ ರೈತನೇ ಇರಲಿಲ್ಲವಾದ್ದರಿಂದ, ಮುದ್ರೆಯೊತ್ತಿ ಯಾರಿಗೆ ತಿಳಿಸಬೇಕಾಗಿತ್ತು?

ಈ ಕಬ್ಬಿಣವೂ ಒಂದು ಕಾಲಕ್ಕೆ ದೂರದಿಂದ ಬಂದುದಲ್ಲ. ಕಪ್ಪತಗುಡ್ಡದ ಅದಿರನ್ನು ಡೋಣಿ ಗ್ರಾಮದ ಸುತ್ತಿನಲ್ಲಿ ಇದ್ದಿಲಿನಿಂದ ಕರಗಿಸುತ್ತಿದ್ದರು. ಸೌದೆಯ ಅಭಾವವೂ ಅಗ್ಗದ ವಿಲಾಯತಿ ಕಬ್ಬಿಣವೂ ಕೂಡಿ ಹತ್ತೊಂಬತ್ತನೆಯ ಶತಮಾನದಲ್ಲಿ ಆ ಉದ್ಯಮವನ್ನು ನಂದಿಸಿದವು. ಬಳಿಕ ೧೮೮೦ರ ದಶಕದಲ್ಲಿ ರೈಲು ಬಂದಿತು, ರೈಲಿನೊಡನೆ ಅಕ್ಷರವುಳ್ಳ ಉಪಕರಣಗಳೂ ಬಂದವು. ಪಾನಾ ಅಥವಾ ಸುತ್ತಿಗೆಯೊಂದರ ಮೇಲೆ ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆಯ ಆದ್ಯಕ್ಷರಗಳಾದ ‘ಎಂ. ಎಸ್. ಎಂ.’ ಕಂಡರೆ ಅದರ ಕಾಲವನ್ನು ಧೈರ್ಯವಾಗಿ ಹೇಳಬಹುದು. ಆ ಹೆಸರು ೧೯೦೮ರಲ್ಲಿ ಹುಟ್ಟಿ ೧೯೫೧ರಲ್ಲಿ ದಕ್ಷಿಣ ರೈಲ್ವೆಯಲ್ಲಿ ಲೀನವಾಯಿತು. ಉಕ್ಕಿನ ಉಪಕರಣಗಳಿಗೆ ಹೆಸರಾದ ಇಂಗ್ಲೆಂಡಿನ ಶೆಫೀಲ್ಡಿನ ಹೆಸರಿಗಾದರೋ ಅಷ್ಟು ಬೇಗ ಮಾರುಹೋಗಲಾಗದು, ಏಕೆಂದರೆ ಆ ಊರ ಹೆಸರನ್ನು ಅನ್ಯದೇಶದ ಸರಕಿನ ಮೇಲೂ ಒತ್ತುತ್ತಿದ್ದುದರಿಂದಲೇ ಬ್ರಿಟನ್ನಿನಲ್ಲಿ ೧೮೮೭ರಲ್ಲಿ ಸರಕುಮುದ್ರೆಯ ಶಾಸನವನ್ನು ಮಾಡಬೇಕಾಯಿತು.

ಹತ್ತಿಯ ಸೀಮೆಯಲ್ಲಿ ವಿಶೇಷ ಲಕ್ಷ್ಯಕ್ಕೆ ಅರ್ಹವಾದುದು ಹಲ್ಲುಳ್ಳ ತೆಳು ಉಕ್ಕಿನ ಬಿಲ್ಲೆ. ಅದನ್ನು ಬಡಿಗನ ಗರಗಸವೆಂದು ಭ್ರಮಿಸುವುದು ಸಹಜ. ಆದರೆ ೧೮೪೦ರ ದಶಕದಲ್ಲಿ ಕಂಪನಿ ಸರಕಾರವು ಅಮೆರಿಕದ ತೋಟಗಾರರನ್ನು ಕರೆಸಿ ಧಾರವಾಡ ಸೀಮೆಯಲ್ಲಿ ನ್ಯೂ ಆರ್ಲಿಯನ್ಸ್ ಹತ್ತಿಯನ್ನು ಬೆಳೆಸಿದಾಗ, ಅದರ ಅರಳೆ ಬೀಜಕ್ಕೆ ಬಿಗಿಯಾಗಿ ಅಂಟಿಕೊಳ್ಳುತ್ತಿದ್ದುದರಿಂದ ನಾಡಹತ್ತಿಯ ಬೀಜ ಬಿಡಿಸಲು ಸಾಲುತ್ತಿದ್ದ ಕಾಲುರುಳೆ ಸೋತು, ಸಾಲುಸಾಲು ಗರಗಸಬಿಲ್ಲೆಗಳ ಜಿನ್ನು ಅವಶ್ಯವಾಯಿತು. ಒಂದೇ ದಿಕ್ಕಿಗೆ ಬಾಗಿದ ಸೂಕ್ಷ್ಮ ದಂತಗಳೂ, ಒಂದೇ ಅಳತೆಯ ಹಲವು ಬಿಲ್ಲೆಗಳು ಒಟ್ಟಿಗೆ ದೊರೆಯುವುದೂ ಅದರ ಕುರುಹು.

ಎರಕದ ನೇಗಿಲ ತುಂಡುಗಳದು ಇನ್ನೊಂದು ಕಥೆ. ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ತೊಡಗಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಕಬ್ಬಿಣದ ನೇಗಿಲನ್ನು ಮಾಡಿದಾಗ, ಕಬ್ಬಿಣ ತಗುಲಿದರೆ ಮಣ್ಣು ವಿಷವಾಗುವುದೆಂದು ರೈತರು ಅಂಜಿ, ಮೊದಲ ನೇಗಿಲುಗಳು ಬಹುಕಾಲ ಮಾರಾಟವಾಗದೆ ಉಳಿದವು. ೧೯೧೦ರಲ್ಲಿ ಅವರ ಕಾರ್ಖಾನೆಯ ಊರಾದ ಕಿರ್ಲೋಸ್ಕರವಾಡಿ ನೆಲೆಗೊಂಡ ಮೇಲೆ ಅವು ದೇಶದಲ್ಲೆಲ್ಲ ಹಬ್ಬಿದವು. ಎರಕದ ಅಕ್ಷರ ಉಬ್ಬಿರುತ್ತದೆ, ಉಳಿಯಿಂದ ಕೊರೆದುದು ಅಥವಾ ಅಚ್ಚಿನಿಂದ ಒತ್ತಿದುದು ತಗ್ಗಿರುತ್ತದೆ. ಬೆರಳೇ ಇದನ್ನು ಹೇಳಬಲ್ಲದು.

ಆದುದರಿಂದ ಈ ಸೀಮೆಯ ಮನೆಗಳವರಲ್ಲಿ ನನ್ನ ವಿನಂತಿ ಇಷ್ಟು: ಅಟ್ಟದ ಬಾಚಿಯನ್ನೋ ಕುಡವನ್ನೋ ತೂಕಕ್ಕೆ ಹಾಕುವ ಮೊದಲು ಮನೆಯ ಹಿರಿಯರನ್ನು ವಿಚಾರಿಸಿ, ಯಾವ ಊರ ಯಾವ ಕಂಬಾರ ಅದನ್ನು ಹಣಿದನೆಂಬುದನ್ನು ಒಂದು ಚೀಟಿಯಲ್ಲಿ ಬರೆದು ಅದಕ್ಕೆ ಕಟ್ಟಿಡಿರಿ, ಇರಿಸಿಕೊಳ್ಳಲು ಸ್ಥಳವಿಲ್ಲದಿದ್ದರೆ ಊರ ಶಾಲೆಗೆ ಕೊಡಿರಿ.