ಕರಿನೀರಿಗೆ ಎಲ್‌ಟಿಸಿ

ಬೆಂಗಳೂರಿನ ಎಂ.ಜಿ. ರಸ್ತೆಯಲ್ಲಿ ಮೇಯೋ ಹಾಲ್ ಇದೆ. ಕೋರ್ಟಿನ ವಾಯಿದೆಗೆ ಅಲೆದವರಿಗೆ ಆ ಕಟ್ಟಡದ ಮೆಟ್ಟಿಲು ಮೆಟ್ಟಿಲೂ ಗೊತ್ತಿರುತ್ತದೆ. 1883ರಲ್ಲಿ ಅದನ್ನು ಕಟ್ಟಿದ್ದು ವೈಸ್‌ರಾಯ್ ಆಗಿದ್ದ ಲಾರ್ಡ್ ಮೇಯೋ ನೆನಪಿಗೆ. ಈ ಮೇಯೋ ಸತ್ತಿದ್ದು ಅಂಡಮಾನಿನಲ್ಲಿ. ಸೂರ್ಯಾಸ್ತ ನೋಡಲೆಂದು ಗುಡ್ಡ ಹತ್ತಿ, ಇಳಿದು, ಇನ್ನೇನು ದೋಣಿ ಹತ್ತಬೇಕು ಅನ್ನುವಾಗ ಒಬ್ಬ ಕೈದಿ ಕತ್ತಲಲ್ಲಿ ಹಾರಿ ಬಂದು ಚಾಕು ಹಾಕಿದ. ಈಗ ಅದೇ ಗುಡ್ಡಕ್ಕೆ ನಮ್ಮಂಥವರು ಸಂಸಾರ ಸಮೇತ ಟ್ಯಾಕ್ಸಿ ಮಾಡಿಕೊಂಡು ಹೋಗಿ ಫೋಟೋ ತೆಗೆಸಿಕೊಂಡು ಬರುತ್ತೇವೆ.

ನಮ್ಮಂಥವರು ಎಂದರೆ ಎಲ್‌ಟಿಸಿ, ಅಂದರೆ ಸರ್ಕಾರಿ ನೌಕರರ ರಜಾ ಪ್ರವಾಸ ಭತ್ಯೆಯ ಗಿರಾಕಿಗಳು. ನಾನು ಕೇಂದ್ರ ಸರ್ಕಾರದ ಒಂದು ಕಚೇರಿಯಲ್ಲಿ ಲೆಕ್ಕಪತ್ರ ನೋಡುವವನು. ವಿಮಾನ ಹತ್ತುವ ಅರ್ಹತೆ ನಮ್ಮ ದರ್ಜೆಯವರಿಗೆ ಇರಲಿಲ್ಲ. 2014ರ ಸೆಪ್ಟೆಂಬರಿನಲ್ಲಿ ಒಂದು ಆದೇಶ ಬಂತು: ಸ್ವಂತ ಊರಿಗೆ ಹೋಗುವ ಎಲ್‌ಟಿಸಿಯ ಬದಲು ಅಂಡಮಾನಿಗೆ ವಿಮಾನದಲ್ಲೇ ಹೋಗಿ ಬರಬಹುದು. ಆಮೇಲೆ ಕೇಳಬೇಕೆ, ನಮ್ಮ ಸೆಕ್ಷನ್ನಿನಲ್ಲಿ ಚನ್ನರಾಯಪಟ್ಟಣ, ಶಿರಸಿ ಅನ್ನುತ್ತಿದ್ದವರೆಲ್ಲ ಹ್ಯಾವ್‌ಲಾಕ್ ದ್ವೀಪ, ನೀಲ್ ದ್ವೀಪ ಅನ್ನತೊಡಗಿದರು. ನನ್ನ ಸರದಿ ಬಂದಾಗ ಮನೆಯಲ್ಲಿ ಹೇಳಿದೆ. ಮಗಳು ಕುಣಿದಳು. ಅಮ್ಮ ಮಾತ್ರ, "ಯಾವ ತಪ್ಪಿಗೋ ಅಲ್ಲಿಗೆ?" ಅಂದಳು. ಅವಳ ಕಾಲದವರಿಗೆ ಅಂಡಮಾನ್ ಎಂದರೆ ಕರಿನೀರಿನ ಶಿಕ್ಷೆ. 1998ರಲ್ಲಿ ಅದೇ ಹೆಸರಿನ ಶಿವರಾಜ್‌ಕುಮಾರ್ ಸಿನಿಮಾ ಬಂದ ಮೇಲೂ ಅವಳ ಲೆಕ್ಕದಲ್ಲಿ ಅದು ಬದಲಾಗಿರಲಿಲ್ಲ.

ಅಲ್ಲಿನ ಗೈಡುಗಳು ಹೇಳುವ ಕಥೆಗೆ ಒಂದು ಸಿದ್ಧ ಧಾಟಿ ಇದೆ. ಮೊದಲು ಇದು ನರಕವಾಗಿತ್ತು, ಸ್ವಾತಂತ್ರ್ಯ ಬಂದ ಮೇಲೆ ಸ್ವರ್ಗವಾಯಿತು. ಜೈಲು ಹೋಯಿತು, ಬೀಚು ಬಂತು. ಕೇಳಲು ಚೆನ್ನಾಗಿದೆ. ಆದರೆ ಊರು ಸುತ್ತಿ, ಇಸವಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಲೆಕ್ಕ ತಾಳೆಯಾಗುವುದಿಲ್ಲ. ಅಲ್ಲಿ ವಿಹಾರವೂ ಶಿಕ್ಷೆಯೂ ಒಟ್ಟೊಟ್ಟಿಗೇ ಶುರುವಾದವು. ಒಬ್ಬರ ರಜೆಯ ಸುಖಕ್ಕೆ ಬೇಕಾದ ಕೂಲಿಯನ್ನು ಇನ್ನೊಬ್ಬರ ಜೀವಾವಧಿ ಶಿಕ್ಷೆ ಒದಗಿಸುತ್ತಿತ್ತು.

ಆರ್ಚಿಬಾಲ್ಡ್ ಬ್ಲೇರ್ ಎಂಬ ನೌಕಾಧಿಕಾರಿ ಸರ್ವೆ ಮಾಡಿ 1789ರಲ್ಲಿ ಅಲ್ಲಿ ಮೊದಲ ವಸಾಹತು ಹೂಡಿದ. ಆಮೇಲೆ ಅದನ್ನು ಉತ್ತರದ ಇನ್ನೊಂದು ಬಂದರಿಗೆ ಸಾಗಿಸಿದರು. ಜ್ವರಕ್ಕೆ ಜನ ಸತ್ತು ಸತ್ತು 1796ರಲ್ಲಿ ಬಿಟ್ಟೇ ಬಂದರು. ಅರವತ್ತು ವರ್ಷ ಯಾರೂ ಅತ್ತ ತಿರುಗಿ ನೋಡಲಿಲ್ಲ. 1857ರ ದಂಗೆಯ ಕೈದಿಗಳನ್ನು ಎಲ್ಲಿಡುವುದು ಎಂಬ ಪ್ರಶ್ನೆ ಬಂದಾಗ ದ್ವೀಪ ನೆನಪಾಯಿತು. 1858ರ ಮಾರ್ಚ್ 10ರಂದು ಜೆ.ಪಿ. ವಾಕರ್ ಎಂಬ ಡಾಕ್ಟರು 200 ಕೈದಿಗಳನ್ನು ಹಡಗಿನಲ್ಲಿ ತಂದಿಳಿಸಿದ. ಮೊದಲು ಚಾಥಮ್ ದ್ವೀಪದ ಕಾಡು ಕಡಿಸಿದರು. ಅಲ್ಲಿ ಕುಡಿಯುವ ನೀರಿಲ್ಲವೆಂದು ರಾಸ್ ದ್ವೀಪಕ್ಕೆ ಹೋದರು. ಕಾಡಿನೊಳಗೆ ನಡೆದರೆ ಬರ್ಮಾ ಸಿಗುತ್ತದೆ ಎಂದು ನಂಬಿ ಓಡಿದ ಕೈದಿಗಳು ಎಷ್ಟೋ. ಹಾಗೆ ಓಡಿ ಸಿಕ್ಕಿಬಿದ್ದವರಲ್ಲಿ 80ಕ್ಕೂ ಹೆಚ್ಚು ಜನರನ್ನು ವಾಕರ್ ಒಂದೇ ದಿನ ಗಲ್ಲಿಗೇರಿಸಿದ. ವೈದ್ಯ ಓದಿದವನು!

ರಾಸ್‌ಗೆ ಪೋರ್ಟ್‌ಬ್ಲೇರಿನ ಜೆಟ್ಟಿಯಿಂದ ದೋಣಿಯಲ್ಲಿ ಹೋಗಲು ಹೆಚ್ಚು ಹೊತ್ತು ಬೇಡ. ಈಗ ಅದು ನೌಕಾಪಡೆಯ ಸುಪರ್ದಿಯಲ್ಲಿದೆ. ಇಳಿದ ಕೂಡಲೇ ಚುಕ್ಕೆ ಜಿಂಕೆಗಳು ಬಂದು ಕೈ ಮೂಸುತ್ತವೆ. ಅವೂ ದ್ವೀಪದವಲ್ಲ, ಇಂಗ್ಲಿಷರು ತಂದು ಬಿಟ್ಟ ಸಂತತಿ. ಹಾದಿಯುದ್ದಕ್ಕೂ ಪಾಳು ಗೋಡೆಗಳು: ಬೇಕರಿ, ಛಾಪಖಾನೆ, ನೀರು ಶುದ್ಧೀಕರಿಸುವ ಘಟಕ, ಈಜುಕೊಳ, ಟೆನಿಸ್ ಕೋರ್ಟು, ಕುಣಿತದ ಹಾಲ್ ಇದ್ದ ಕ್ಲಬ್ಬು, ಚೀಫ್ ಕಮಿಷನರ್ ಬಂಗಲೆ. ಚರ್ಚಿನ ಕಲ್ಲಿನ ಗೋಡೆಯನ್ನು ಆಲದ ಜಾತಿಯ ಮರವೊಂದು ಪೂರ್ತಿ ಹಿಡಿದುಕೊಂಡಿದೆ. ಎಲ್ಲಿ ಬೇರು ಮುಗಿದು ಕಲ್ಲು ಶುರುವಾಗುತ್ತದೆ ಎಂದು ಬೆರಳಿಟ್ಟು ಹುಡುಕಿದರೂ ಗೊತ್ತಾಗಲಿಲ್ಲ. ಕಿಟಕಿಯ ಕಮಾನಿನೊಳಗಿಂದ ಬೇರು ಹೊರಬಂದು, ಗೋಡೆಯ ಮೇಲೆ ಕವಲೊಡೆದು, ಮತ್ತೆ ನೆಲ ಸೇರಿದೆ. ಮರವನ್ನು ಕಿತ್ತರೆ ಗೋಡೆ ಬೀಳುತ್ತದೆ. ಗೋಡೆ ಬಿದ್ದರೆ ಮರಕ್ಕೆ ಆಸರೆ ಇಲ್ಲ.

ಈ ರಾಸ್ ಅನ್ನು ಆ ಕಾಲದವರು ಪೂರ್ವದ ಪ್ಯಾರಿಸ್ ಎನ್ನುತ್ತಿದ್ದರಂತೆ. ಗೈಡು ಅದನ್ನು ಹೆಮ್ಮೆಯಿಂದಲೇ ಹೇಳುತ್ತಾನೆ. ಕಲ್ಲು ಹೊತ್ತವರು ಯಾರು, ಇಟ್ಟಿಗೆ ಸುಟ್ಟವರು ಯಾರು ಎಂಬುದು ಅವನ ಪಾಠದಲ್ಲಿ ಇಲ್ಲ. ಅಡುಗೆಯವನು, ಮಾಲಿ, ಕ್ಷೌರದವನು, ಮಗು ಆಡಿಸುವವನು ಕೂಡ ಕೈದಿಯೇ. ಕೊಲೆ ಮಾಡಿ ಜೀವಾವಧಿಗೆ ಬಂದವನ ಕೈಗೆ ದೊರೆಸಾನಿ ಕೂಸನ್ನು ಕೊಟ್ಟು ಟೆನಿಸ್ ಆಡಲು ಹೋಗುತ್ತಿದ್ದಳು. ಕೂಲಿ ಇಲ್ಲದ ಆಳುಗಳು ಇಷ್ಟೊಂದು ಸಿಗುವ ಊರು ಇಂಗ್ಲೆಂಡಿನಲ್ಲಿ ಎಲ್ಲಿತ್ತು?

ಇನ್ನು ಮೇಯೋ ಹತ್ತಿ ಇಳಿದ ಆ ಗುಡ್ಡ. 1862ರಿಂದ 64ರವರೆಗೆ ಅಲ್ಲಿ ಸೂಪರಿಂಟೆಂಡೆಂಟ್ ಆಗಿದ್ದ ಟೈಟ್ಲರ್‌ನ ಹೆಂಡತಿ ಹ್ಯಾರಿಯೆಟ್. ಅವಳ ಹೆಸರಿನಿಂದ ಗುಡ್ಡ ಮೌಂಟ್ ಹ್ಯಾರಿಯೆಟ್ ಆಯಿತು. 1891ರ ಯುದ್ಧದ ಮೇಲೆ ಮಣಿಪುರದ ರಾಜ ಕುಲಚಂದ್ರ ಮತ್ತು ಸಂಗಡಿಗರನ್ನು ಅಲ್ಲಿಟ್ಟಿದ್ದರಿಂದ 2021ರಲ್ಲಿ ಅದಕ್ಕೆ ಮೌಂಟ್ ಮಣಿಪುರ್ ಎಂದು ಹೆಸರಿಟ್ಟರು. ಸೆಕೆಗಾಲದಲ್ಲಿ ಸಾಹೇಬರು ಮೇಲೆ ಹೋಗಿ ಇರುತ್ತಿದ್ದರು. ನಮ್ಮ ನಂದಿಬೆಟ್ಟದ ಹಾಗೆ. 1872ರ ಫೆಬ್ರುವರಿ 8ರಂದು ಮೇಯೋ ರಾಸ್, ವೈಪರ್, ಚಾಥಮ್ ಎಲ್ಲ ತಪಾಸಣೆ ಮುಗಿಸಿದ. ಇನ್ನೂ ಬೆಳಕಿತ್ತು. ಜ್ವರದವರಿಗೆ ಆರೋಗ್ಯಧಾಮ ಕಟ್ಟಲು ಗುಡ್ಡ ಸರಿಹೋದೀತೇ ನೋಡೋಣ, ಸೂರ್ಯಾಸ್ತವನ್ನೂ ನೋಡಿದ ಹಾಗಾಯಿತು ಎಂದು ಹೊರಟ. ಹೆಂಡತಿ, ಅತಿಥಿಗಳು ಹಡಗಿನಲ್ಲಿ ಊಟಕ್ಕೆ ಕಾಯುತ್ತಿದ್ದರು. ಗುಡ್ಡ ಇಳಿಯುವಷ್ಟರಲ್ಲಿ ಕತ್ತಲಾಗಿ ಪಂಜು ಹಿಡಿದು ಬಂದರು. ಹೋಪ್‌ಟೌನ್ ಜೆಟ್ಟಿಯಲ್ಲಿ ಶೇರ್ ಅಲಿ ಅಫ್ರಿದಿ ಕಾದಿದ್ದ. ಖೈಬರ್ ಕಡೆಯ ಪಠಾಣ, ಪೇಶಾವರದಲ್ಲಿ ಕೊಲೆ ಆರೋಪದ ಮೇಲೆ ಶಿಕ್ಷೆಯಾಗಿ ಬಂದವನು. ಅಲ್ಲಿ ಅವನದು ಕ್ಷೌರದ ಕೆಲಸ, ನಡತೆ ಚೆನ್ನಾಗಿದೆ ಎಂದು ತಿರುಗಾಡಲು ಬಿಟ್ಟಿದ್ದರು. ಮಾರ್ಚ್‌ನಲ್ಲಿ ವೈಪರ್ ದ್ವೀಪದಲ್ಲಿ ಅವನನ್ನು ನೇಣಿಗೆ ಹಾಕಿದರು.

ಗುಡ್ಡದ ಮೇಲಿಂದ ಕಾಣುವ ನಾರ್ತ್ ಬೇಯ ದೀಪಸ್ತಂಭ, ಎದುರಿನ ತೆಂಗಿನ ಮರಗಳು ಹಳೆಯ ಕೆಂಪು ಬಣ್ಣದ 20 ರೂಪಾಯಿ ನೋಟಿನ ಹಿಂಭಾಗದಲ್ಲಿವೆ. ಅಮ್ಮ ಸೊಂಟದ ಚೀಲದಿಂದ ನೋಟು ತೆಗೆದು, ಕನ್ನಡಕ ಮೇಲೇರಿಸಿ, ಒಮ್ಮೆ ನೋಟು ಒಮ್ಮೆ ಸಮುದ್ರ ನೋಡಿದಳು. "ಇಷ್ಟು ವರ್ಷ ಸೊಪ್ಪಿನವಳಿಗೆ ಕೊಟ್ಟಿದ್ದು ಈ ಜಾಗನೇನೋ?" ಅಂದಳು. ಇಡೀ ಪ್ರವಾಸದಲ್ಲಿ ಅವಳು ಮನಸಾರೆ ನಕ್ಕಿದ್ದು ಅಲ್ಲಿ.

ಸೆಲ್ಯುಲಾರ್ ಜೈಲಿನ ಬಗ್ಗೆ ಎಲ್ಲರೂ ಬರೆದಿದ್ದಾರೆ. 1896ರಲ್ಲಿ ಶುರುವಾಗಿ 1906ರಲ್ಲಿ ಮುಗಿದ ಕಟ್ಟಡ. ಬರ್ಮಾದಿಂದ ತಂದ ಇಟ್ಟಿಗೆ. ನಡುವಿನ ಗೋಪುರದಿಂದ ಏಳು ದಿಕ್ಕಿಗೆ ಚಾಚಿದ ಏಳು ಸಾಲು. ಈಗ ಉಳಿದಿರುವುದು ಮೂರು. ಕೆಡವಿದ ಸಾಲುಗಳ ಜಾಗದಲ್ಲಿ 1963ರಲ್ಲಿ ಸರ್ಕಾರಿ ಆಸ್ಪತ್ರೆ ಬಂತು. ನನ್ನನ್ನು ಹಿಡಿದು ನಿಲ್ಲಿಸಿದ್ದು ಅಗುಳಿ. ಕೋಣೆಯ ಕಂಬಿ ಬಾಗಿಲಿನ ಉದ್ದನೆಯ ಕಬ್ಬಿಣದ ಅಗುಳಿ ನೇರ ಚೌಕಟ್ಟಿಗೆ ಬೀಳುವುದಿಲ್ಲ. ಹೊರಗೋಡೆಯ ಮೇಲೆ ಒಂದಿಷ್ಟು ದೂರ ಹೋಗಿ, ಅಲ್ಲಿ ಬಾಗಿ, ಗೋಡೆಯಲ್ಲೇ ಕೊರೆದ ಗೂಡಿನೊಳಗೆ ಕೂರುತ್ತದೆ, ಬೀಗ ಅಲ್ಲಿ. ಮಗಳು ಒಳಗೆ ನಿಂತು ಕಂಬಿಯ ಸಂದಿಯಿಂದ ಕೈ ತೂರಿಸಿದಳು. ಭುಜದವರೆಗೂ ತೂರಿಸಿದರೂ ಬೆರಳು ಬೀಗಕ್ಕೆ ಎಟುಕಲಿಲ್ಲ. ಅದನ್ನು ಕಲ್ಪಿಸಿದ ಇಂಜಿನಿಯರ್ ಮೊದಲು ತಾನೇ ಒಳಗೆ ನಿಂತು ಕೈ ಚಾಚಿ ಅಳೆದಿದ್ದನೋ ಏನೋ. ಒಂದು ಸಾಲಿನ ಮುಂಭಾಗ ಇನ್ನೊಂದು ಸಾಲಿನ ಬೆನ್ನಿಗೆ ಎದುರಾಗಿರುವುದರಿಂದ ಕೈದಿಗೆ ಇನ್ನೊಬ್ಬ ಕೈದಿಯ ಮುಖ ಕಾಣುತ್ತಿರಲಿಲ್ಲ. ಅಂಗಳದಲ್ಲಿ ಗಾಣ. ಎತ್ತಿನ ಜಾಗದಲ್ಲಿ ಮನುಷ್ಯ, ದಿನಕ್ಕೆ 30 ಪೌಂಡ್ ಕೊಬ್ಬರಿ ಎಣ್ಣೆ, ಅಂದರೆ ಸುಮಾರು ಹದಿಮೂರೂವರೆ ಕಿಲೋ.

ಇಲ್ಲಿ ನನ್ನದೊಂದು ತಕರಾರು. ಸಂಜೆಯ ಧ್ವನಿ-ಬೆಳಕಿನ ಪ್ರದರ್ಶನವಾಗಲಿ, ಹೆಸರು ಕೆತ್ತಿದ ಅಮೃತಶಿಲೆಯ ಫಲಕಗಳಾಗಲಿ ಹೇಳುವುದು ರಾಜಕೀಯ ಕೈದಿಗಳ ಕಥೆ. ಬಂಗಾಳ, ಪಂಜಾಬಿನವರ ಹೆಸರುಗಳೇ ಹೆಚ್ಚು. 1933ರ ಉಪವಾಸದಲ್ಲಿ ಸತ್ತ ಮಹಾವೀರ್ ಸಿಂಗ್, ಮೋಹಿತ್ ಮೊಯಿತ್ರ, ಮೋಹನ್ ಕಿಶೋರ್ ನಾಮದಾಸ್ ಅವರಿಗೆ ಕೈ ಮುಗಿಯಲೇಬೇಕು. ಆದರೆ ಜೈಲು ಕಟ್ಟುವ ಮೊದಲೇ ನಲವತ್ತು ವರ್ಷ ಕಾಡು ಕಡಿದು, ಕೆಸರು ತುಂಬಿ, ರಸ್ತೆ ಹಾಕಿ, ಮಲೇರಿಯಾಕ್ಕೆ ಸತ್ತ ಸಾವಿರಾರು ಸಾಮಾನ್ಯ ಕೈದಿಗಳಿಗೆ ಒಂದು ಕಲ್ಲೂ ಇಲ್ಲ. ಅವರಲ್ಲಿ ಕಳ್ಳರಿದ್ದರು, ಕೊಲೆಗಡುಕರಿದ್ದರು, ಏನೂ ಮಾಡದವರೂ ಇದ್ದರು. ಆ ಊರು ಅವರದು.

ಅವರ ಮೊಮ್ಮಕ್ಕಳು, ಮರಿಮಕ್ಕಳೇ ಅಲ್ಲಿ 'ಲೋಕಲ್ ಬಾರ್ನ್' ಎಂದು ಕರೆಸಿಕೊಳ್ಳುವವರು. ಕೆಲವು ವರ್ಷ ಸರಿಯಾಗಿ ನಡೆದುಕೊಂಡ ಕೈದಿಗೆ ಸ್ವಂತ ದುಡಿಮೆಗೆ ಚೀಟಿ ಸಿಗುತ್ತಿತ್ತು, ಸ್ವಲ್ಪ ಜಮೀನೂ. ಮದುವೆಯಾಗಬೇಕೆಂದರೆ ಹೆಂಗಸರ ಜೈಲಿಗೆ ಹೋಗಿ ಹೆಣ್ಣು ನೋಡಬೇಕು. ಹೆಣ್ಣಿಗೂ ಬೇಡವೆನ್ನುವ ಹಕ್ಕಿತ್ತು, ಆ ಕಾಲದ ನಮ್ಮ ಊರುಗಳಲ್ಲಿ ಇಲ್ಲದ್ದು. ಪಂಜಾಬಿನ ಗಂಡಿಗೆ ಮದ್ರಾಸಿನ ಹೆಣ್ಣು, ಮನೆ ಮಾತು ಹಿಂದೂಸ್ತಾನಿ, ಜಾತಿ ಕೇಳುವವರಿಲ್ಲ. ನಮ್ಮ ಟ್ಯಾಕ್ಸಿಯವನಿಗೆ, "ನಿಮ್ಮ ಮೂಲ ಊರು ಯಾವುದಪ್ಪ?" ಎಂದು ಅಮ್ಮ ನನ್ನಿಂದ ಕೇಳಿಸಿದಳು. "ಅಬರ್ಡೀನ್ ಬಜಾರ್" ಅಂದ. ಅದಕ್ಕೂ ಹಿಂದೆ? ಭುಜ ಕುಣಿಸಿದ. ಮುತ್ತಜ್ಜ ಯಾವ ತಪ್ಪಿಗೆ ಬಂದ ಎಂದು ಆ ಮನೆಗಳಲ್ಲಿ ಯಾರೂ ಕೇಳುವುದಿಲ್ಲವಂತೆ.

1921ರ ಮಲಬಾರ್ ದಂಗೆಯ ಮಾಪಿಳ್ಳೆ ಕೈದಿಗಳಲ್ಲಿ ಎಷ್ಟೋ ಜನರನ್ನು ನಮ್ಮ ಬಳ್ಳಾರಿ ಜೈಲಿನಲ್ಲಿಟ್ಟಿದ್ದರು, ಅಂಡಮಾನಿಗೂ ಸಾಗಿಸಿದರು. ಅವರು ಹೂಡಿದ ಹಳ್ಳಿಗಳಿಗೆ ಮಂಜೇರಿ, ಕ್ಯಾಲಿಕಟ್ ಎಂದೇ ಹೆಸರು. 1941ರ ಜೂನ್ 26ರ ಭೂಕಂಪ ರಾಸ್ ಅನ್ನು ಅಲುಗಿಸಿತು. 1942ರ ಮಾರ್ಚ್‌ನಲ್ಲಿ ಜಪಾನೀಯರು ಬಂದಿಳಿದು ಮೂರೂವರೆ ವರ್ಷ ಆಳಿದರು. 1943ರ ಡಿಸೆಂಬರ್ 30ರಂದು ನೇತಾಜಿ ಪೋರ್ಟ್‌ಬ್ಲೇರಿನಲ್ಲಿ ಬಾವುಟ ಹಾರಿಸಿದರು. ಹಾರಿಸಿ ಒಂದೇ ತಿಂಗಳಲ್ಲಿ, 1944ರ ಜನವರಿ 30ರಂದು, ಅದೇ ಜಪಾನೀಯರು ಹೋಮ್‌ಫ್ರೇಗಂಜಿನಲ್ಲಿ 44 ಜನ ಭಾರತೀಯರನ್ನು ಗೂಢಚಾರರೆಂದು ಗುಂಡಿಕ್ಕಿ ಕೊಂದರು. ಮೊದಲನೆಯದನ್ನು ಹೇಳುವ ಗೈಡು ಎರಡನೆಯದನ್ನು ನುಂಗಿಕೊಳ್ಳುತ್ತಾನೆ. 2018ರಲ್ಲಿ ರಾಸ್‌ಗೆ ನೇತಾಜಿಯ ಹೆಸರು, ಹ್ಯಾವ್‌ಲಾಕ್‌ಗೆ ಸ್ವರಾಜ್ ದ್ವೀಪ, ನೀಲ್‌ಗೆ ಶಹೀದ್ ದ್ವೀಪ ಎಂದಾಯಿತು. 2024ರಲ್ಲಿ ಪೋರ್ಟ್‌ಬ್ಲೇರ್ ಶ್ರೀ ವಿಜಯಪುರಂ ಆಯಿತು. ಹ್ಯಾವ್‌ಲಾಕ್, ನೀಲ್ ಇಬ್ಬರೂ 1857ರ ದಂಗೆಯನ್ನು ತುಳಿದ ಸೇನಾಪತಿಗಳು. ನೀಲ್ ಅಲಹಾಬಾದಿನಲ್ಲಿ ನಡೆಸಿದ ಮಾರಣಹೋಮ ಓದಿದವರಿಗೆ ಆ ಹೆಸರು ಹೋದದ್ದಕ್ಕೆ ದುಃಖವಾಗಲಾರದು.

ಹನಿಮೂನಿನವರ ಹ್ಯಾವ್‌ಲಾಕ್ ಕೂಡ ಮೂಲದಲ್ಲಿ ನೆಲೆ ತಪ್ಪಿದವರ ಊರೇ. ದೇಶ ಒಡೆದ ಮೇಲೆ ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರಿಗೆ ಸರ್ಕಾರ ಅಲ್ಲಿ ಕಾಡು ಕಡಿಸಿ ಜಮೀನು ಕೊಟ್ಟಿತು. ನೀಲ್‌ನಲ್ಲಿ ಹಳ್ಳಿಗಳ ಹೆಸರು ಸೀತಾಪುರ, ಭರತಪುರ, ರಾಮನಗರ, ಲಕ್ಷ್ಮಣಪುರ. ವನವಾಸಕ್ಕೆ ಬಂದವರಿಗೆ ಆ ಹೆಸರುಗಳೇ ಒದಗಿದವು. 2004ರಲ್ಲಿ ಟೈಮ್ ಪತ್ರಿಕೆ ಏಷ್ಯಾದ ಅತ್ಯುತ್ತಮ ಬೀಚ್ ಎಂದು ಹೊಗಳಿದ ರಾಧಾನಗರದ ದಡದ ಹಿಂದೆ ಈಗಲೂ ಅಡಿಕೆ ತೋಟಗಳಿವೆ. ಹೆಂಡತಿ ತೀರ್ಥಹಳ್ಳಿಯವಳು, ಸಮುದ್ರಕ್ಕೆ ಬೆನ್ನು ಹಾಕಿ ಅಡಿಕೆ ಗೊನೆ ಎಣಿಸುತ್ತ ನಿಂತಳು.

ಇಷ್ಟೆಲ್ಲ ವಲಸೆಯ ಬೆಲೆ ತೆತ್ತವರು ಮೊದಲಿನಿಂದ ಅಲ್ಲಿದ್ದವರು. 1858ರಲ್ಲಿ ಗ್ರೇಟ್ ಅಂಡಮಾನೀಸ್ ಜನ ಸುಮಾರು 5,000 ಇದ್ದರೆಂದು ಅಂದಾಜು. ಸಿಫಿಲಿಸ್, 1877ರ ದಡಾರ ಎಲ್ಲ ಸೇರಿ 1961ರ ಜನಗಣತಿಯ ಹೊತ್ತಿಗೆ ಉಳಿದವರು 19. ಬೋ ಭಾಷೆ ಬಲ್ಲ ಕೊನೆಯ ಅಜ್ಜಿ 2010ರ ಜನವರಿಯಲ್ಲಿ ತೀರಿಕೊಂಡಳು. ಹೊರಗಿನವರಿಂದ ದೂರ ಉಳಿದ ಜಾರವಾಗಳು ಈಗ ಕೆಲವು ನೂರು ಇದ್ದಾರೆ. ಅವರ ಕಾಡನ್ನು ಸೀಳಿಕೊಂಡು ಅಂಡಮಾನ್ ಟ್ರಂಕ್ ರೋಡ್ ಹೋಗುತ್ತದೆ. ಆ ಭಾಗದಲ್ಲಿ ಅದನ್ನು ಮುಚ್ಚಿ ಎಂದು ಸುಪ್ರೀಂ ಕೋರ್ಟು 2002ರಲ್ಲೇ ಹೇಳಿತು. ಆಮೇಲೂ ಪೊಲೀಸ್ ಕಾವಲಿನಲ್ಲಿ ಸಾಲುಗಟ್ಟಿ ವಾಹನಗಳು ಬಾರಾಟಾಂಗಿಗೆ ಓಡಿವೆ. ಹೆಸರಿಗೆ ಸುಣ್ಣಕಲ್ಲಿನ ಗುಹೆ, ಕೆಸರಿನ ಜ್ವಾಲಾಮುಖಿ. ಬಸ್ಸಿನೊಳಗಿನವರ ಕಣ್ಣೆಲ್ಲ ರಸ್ತೆಬದಿಯ ಜಾರವಾಗಳ ಮೇಲೆ. ನಮ್ಮ ಪ್ಯಾಕೇಜಿನಲ್ಲೂ ಅದಿತ್ತು. ಹೆಂಡತಿ ಪೆನ್ನು ತೆಗೆದುಕೊಂಡು ಆ ಸಾಲನ್ನು ಹೊಡೆದುಹಾಕಿದಳು. ಏಜೆಂಟು ದುಡ್ಡು ವಾಪಸ್ ಕೊಡಲಿಲ್ಲ.

ಎಲ್‌ಟಿಸಿ ಅರ್ಜಿ ಹಾಕುವ ಮಿತ್ರರೇ, ನೀವೂ ಆ ಸಾಲನ್ನು ಹೊಡೆದುಹಾಕಿ. ಹೋಗಲು ಬಿಟ್ಟಿದ್ದರೆ ಆ ದಿನವನ್ನು ಶೇರ್ ಅಲಿಯನ್ನು ನೇಣಿಗೆ ಹಾಕಿದ ವೈಪರ್ ದ್ವೀಪಕ್ಕೆ ಕೊಡಿ. ಸಾಮಾನ್ಯ ಕೈದಿಗಳ ಕಥೆ ಕೇಳುವ ಮನಸ್ಸಿದ್ದರೆ ಅಲ್ಲಿಂದಲೇ ಶುರು ಮಾಡಬೇಕು. ಗುಹೆ ನೋಡಲೇಬೇಕೆಂಬ ಆಸೆಯಿದ್ದರೆ ಆಂಧ್ರದ ತಾಡಿಪತ್ರಿ ಹತ್ತಿರ ಬೇಲಂ ಗುಹೆಗಳಿವೆ. ಬೆಂಗಳೂರಿನಿಂದ ರಾತ್ರಿ ಹೊರಟರೆ ಬೆಳಗಾಗುವಷ್ಟರಲ್ಲಿ ತಲುಪಬಹುದು, ಅದಕ್ಕೆ ಎಲ್‌ಟಿಸಿಯೂ ಬೇಕಿಲ್ಲ.